ಪಾಯಾಳು ಕಾಲು, ಬೌಲರನ ನಡು

ನನ್ನ ಕಾಲು ತಾಗಿ ತಮ್ಮನ ನಡು ನೆಟ್ಟಗಾಯಿತು ಎಂದು ಅಫಜಲಪುರದ ನಮ್ಮ ಓಣಿಯವರು ಇವತ್ತಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವನ ಜೊತೆ ಆಡುವ ಹುಡುಗರು ಸ್ಟ್ರೆಚಿಂಗ್ ಮಾಡಿದ್ದಕ್ಕೇ ಸರಿಹೋಯಿತು ಎನ್ನುತ್ತಾರೆ. ಅದನ್ನೂ ಪೂರ್ತಿ ಒಪ್ಪುವುದಿಲ್ಲ. ಒಂದಾದ ಮೇಲೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಮೊದಲಿನದೇ ಕಾರಣವಾಗುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎದುರಾಳಿಗಳ ಬಾಯಿ ಮುಚ್ಚಿಸಿದ್ದೇ ಈ ಒಂದು ಮಾತಿನಿಂದ. ಮನೆಯಲ್ಲಿ ಮಾತ್ರ ಅದು ಯಾರ ಬಾಯನ್ನೂ ಮುಚ್ಚಿಸಿಲ್ಲ.

ಮೊದಲು ಕಾಲಿನ ವಿಷಯ. ನಾನು ಪಾಯಾಳು. ಅಂದರೆ ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವಳು. ನಡು ಹಿಡಿದವರಿಗೆ ಪಾಯಾಳು ಕಾಲು ತಾಗಿಸಿದರೆ ನೋವು ಇಳಿಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಓರಗೆಯ ಮಕ್ಕಳು ಆಡುವ ಹೊತ್ತಿನಲ್ಲಿ ನಾನು ಕಟ್ಟೆಯ ಮೇಲೆ ಬೋರಲು ಮಲಗಿದ ದೊಡ್ಡವರ ಬೆನ್ನಿಗೆ ಪಾದ ಒತ್ತುತ್ತಿದ್ದೆ. ತೊಗರಿ ಕೊಯ್ಲಿನ ದಿನಗಳಲ್ಲಂತೂ ಪುರಸೊತ್ತೇ ಇರುತ್ತಿರಲಿಲ್ಲ. ಬುದ್ಧಿ ಬಂದ ಮೇಲೆ ಒಮ್ಮೆ, "ಇದಕ್ಕ ಪುರಾವೆ ಏನದ ಕಾಕಾ?" ಎಂದು ಪಕ್ಕದ ಮನೆಯವರನ್ನು ಕೇಳಿದ್ದೆ. ಅವರು ಮುಖ ಎತ್ತದೆ, "ಪುರಾವೆ ಆಮ್ಯಾಲ ಕೊಡ್ತೇನಿ ತಾಯಿ, ಈಗ ಸ್ವಲ್ಪ ಎಡಕ್ಕ ಒತ್ತು" ಎಂದರು.

ತಮ್ಮ ವೇಗದ ಬೌಲರ್. ಹೈಸ್ಕೂಲು ಮುಗಿಯುವಷ್ಟರಲ್ಲಿ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದುಬಿಟ್ಟಿದ್ದ. ಊರಿನ ತಂಡಕ್ಕೆ ಬೆಳಿಗ್ಗೆ ಅವನೇ, ಸಂಜೆಯೂ ಅವನೇ. ಜಿಲ್ಲಾ ತಂಡದ ಆಯ್ಕೆ ಹತ್ತಿರ ಬಂದಾಗಲೇ ನಡುವಿನ ಎಡಗಡೆ ನೋವು ಶುರುವಾಯಿತು. ಅವನಿಗೆ ಗೊತ್ತಿದ್ದ ಸ್ಟ್ರೆಚಿಂಗ್ ಒಂದೇ: ಸೊಂಟಕ್ಕೆ ಕೈಕೊಟ್ಟು, ಎಲುಬು ಲಟ್ ಅನ್ನುವ ತನಕ ಹಿಂದಕ್ಕೆ ಬಾಗುವುದು. ಅದರಿಂದಲೂ ಆಗದಿದ್ದರೆ ಮನೆಗೆ ಬಂದು ನನ್ನೆದುರು ಬೋರಲು ಮಲಗುವುದು.

ಆಗ ನಾನು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೆ. ರಜೆಗೆ ಬಂದವಳು ಅವನನ್ನು ಎಳೆದುಕೊಂಡು ಕಲಬುರಗಿಯ ಫಿಜಿಯೋಥೆರಪಿ ಮೇಡಂ ಒಬ್ಬರಲ್ಲಿಗೆ ಹೋದೆ. ಅವರು ಅವನನ್ನು ಒಂಟಿಕಾಲಲ್ಲಿ ನಿಲ್ಲಿಸಿ ಮೆಲ್ಲಗೆ ಹಿಂದಕ್ಕೆ ಬಾಗಲು ಹೇಳಿದರು. ಹುಡುಗ ಹಲ್ಲು ಕಚ್ಚಿದ.

"ಮನ್ಯಾಗ ಪಾಯಾಳು ಅಕ್ಕ ಇದ್ದಾಳ್ರಿ ಮೇಡಂ, ದಿನಾ ಕಾಲ ಇಡ್ತಾಳ" ಎಂದು ಅವರಿಗೇ ಧೈರ್ಯ ಹೇಳಿದ.

"ಆಕಿ ಕಾಲ ಇರ್ಲಿ. ನಿನ್ನ ತೊಡಿ ಹಿಂದಿಂದು ಹಗ್ಗ ಬಿಗದಂಗ ಬಿಗದದ, ಅದನ್ನ ನೋಡ್ಕೊ."

ಸ್ಕ್ಯಾನ್ ಆಯಿತು. ಬೆನ್ನೆಲುಬಿನ ಕೆಳಭಾಗಕ್ಕೆ ಪೆಟ್ಟು ಬಿದ್ದಿದೆ, ಬಿರುಕು ಇನ್ನೂ ಬಿಟ್ಟಿಲ್ಲ, ಹೀಗೇ ಎಸೆದರೆ ಬಿಡುತ್ತದೆ ಎಂದರು. ಹಿಂದಕ್ಕೆ ಬಾಗುವುದು ಬಂದ್. ಅಂಗಾತ ಮಲಗಿ ಒಂದೊಂದೇ ಕಾಲನ್ನು ಮೇಲೆತ್ತಿ ತೊಡೆಯ ಹಿಂಭಾಗ ಸಡಿಲಿಸಬೇಕು. ಒಂದು ಮೊಣಕಾಲೂರಿ, ಸೊಂಟದ ಮುಂಭಾಗವನ್ನು ಹಿಗ್ಗಿಸಬೇಕು. ಜಗ್ಗಬಾರದು, ನೋವಾದರೆ ಅಲ್ಲೇ ನಿಲ್ಲಿಸಬೇಕು. "ಆದ್ರ ಇದ್ಯಾವುದೂ ಔಷಧ ಅಲ್ಲ" ಎಂದು ಬೆರಳೆತ್ತಿ ಹೇಳಿದರು. "ನಾ ಹೇಳೋ ತನಕ ಬೌಲಿಂಗ್ ಮಾಡಬಾರದು. ಅದೇ ಔಷಧ."

ತಮ್ಮ ತಲೆಯಾಡಿಸಿದ. ಮರುದಿನ ಸಂಜೆ ಪ್ಯಾಂಟಿಗೆಲ್ಲ ಮೈದಾನದ ಕರಿಮಣ್ಣು ಮೆತ್ತಿಕೊಂಡು ಬಂದ.

ನಾನು ಬಿಡುವವಳೇ? ಎಲುಬು ಹೇಗೆ ಸೀಳುತ್ತದೆ, ಈ ಆಯ್ಕೆ ತಪ್ಪಿದರೆ ಹೋಗುವುದೇನು, ಬೆನ್ನೇ ಹೋದರೆ ಉಳಿಯುವುದೇನು ಎಂದು ಬಿಡಿಸಿ ಬಿಡಿಸಿ ವಾದಿಸಿದೆ. ಅವನು ಮರ್ಯಾದೆಯಿಂದ ಎಲ್ಲ ಕೇಳಿಸಿಕೊಂಡ.

"ಮುಗೀತೇನು? ನೀನೇ ಗೆದ್ದಿ ಅಕ್ಕಾ. ಈಗ ಕಾಲ ಇಡು."

"ಇಡಂಗಿಲ್ಲ ಹೋಗಲೇ."

"ಇಡಬೇ ಯವ್ವಾ. ನಿನ್ನ ಕಾಲ ತಾಗಿದ್ರ ನಾಳಿ ಒಂದ್ ಸ್ಪೆಲ್ ಆರಾಮ ಹೊಡೀತೇನಿ."

ನನ್ನ ಕಾಲನ್ನು ನಂಬಿಯೇ ಅವನು ಮೈದಾನಕ್ಕೆ ಹೋಗುತ್ತಿದ್ದ ಎಂಬುದು ನನಗೆ ಆಗ ಹೊಳೆಯಿತು. ಹಿಟ್ಟು ನಾದುತ್ತಿದ್ದ ಅವ್ವನಿಗೂ ಹೊಳೆದಿರಬೇಕು. ಕೈ ತೊಳೆದುಕೊಂಡು ಹೊರಗೆ ಬಂದಳು.

"ಆಕಿ ಕಾಲ ಇಡ್ತಾಳ ತಡಿ. ಆದ್ರ ಒಂದ್ ಮಾತು ತಿಳಕೋ. ಎಲುಬಿನ ನೋವಿಗೆ ಪಾಯಾಳು ಕಾಲ ತಾಗಿದ ಮ್ಯಾಲ ವಾಸಿ ಆಗೋ ತನಕ ಚೆಂಡ ಒಗೀಬಾರದು. ಒಗದ್ರ ನೋವು ಪಾಯಾಳು ನಡಕ್ಕ ಹೋಗ್ತದ."

ತಮ್ಮ ಬೋರಲು ಮಲಗಿದ್ದವನು ಎದ್ದು ಕೂತ. "ಅಂದ್ರ ಅಕ್ಕನ ನಡಕ್ಕ?"

"ಮತ್ತ್ಯಾರ ನಡಕ್ಕ ಹೋಗ್ತದಲೇ?"

ಇಷ್ಟು ವರ್ಷ ಊರಿನವರ ಬೆನ್ನಿಗೆಲ್ಲ ಕಾಲಿಟ್ಟ ನಾನು ಇಂಥ ನಿಯಮವನ್ನು ಕೇಳಿರಲಿಲ್ಲ. ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿದೆ.

ಸ್ಕ್ಯಾನಿಗೆ ಹೆದರದವನು ನನ್ನ ನಡುವಿಗೆ ಹೆದರಿದ. ಮೈದಾನಕ್ಕೆ ಹೋಗುವುದು ಬಿಟ್ಟ. ಸಂಜೆ ಕಟ್ಟೆಯ ಮೇಲೆ ಚಾಪೆ ಹಾಸಿ ಅಂಗಾತ ಮಲಗುತ್ತಿದ್ದ, ನಾನು ಅವನ ಹಿಮ್ಮಡಿ ಹಿಡಿದು ಮೆಲ್ಲಗೆ ಎತ್ತುತ್ತಿದ್ದೆ. ಚಿಕ್ಕಂದಿನಲ್ಲಿ ಬಗಲಲ್ಲಿ ಹೊತ್ತು ತಿರುಗಿದ ಪೋರನ ಕಾಲು ಈಗ ನೇಗಿಲಿನ ಹಾಗೆ ಭಾರ. "ಸಾಕು?" ಎಂದರೆ "ಇನ್ನಷ್ಟು" ಎನ್ನುವನು. "ಜಗ್ಗಬಾರದು ಅಂದಾರ" ಎಂದು ನಾನು ನಿಲ್ಲಿಸುತ್ತಿದ್ದೆ. ಕೊನೆಗೆ ಅವನು ಬೋರಲು ಹೊರಳುತ್ತಿದ್ದ, ನಾನು ಮಾತಿಲ್ಲದೆ ಪಾದ ತಾಗಿಸುತ್ತಿದ್ದೆ. ರಜೆ ಮುಗಿದ ಮೇಲೆ ಕಡಗಂಚಿಯಿಂದ ವಾರಕ್ಕೊಮ್ಮೆ ಬಂದರೂ ಇದು ತಪ್ಪಲಿಲ್ಲ. ಆಳಂದ ರಸ್ತೆಯ ಬಸ್ಸಿನಲ್ಲಿ ಕುಲುಕಿ ಕುಲುಕಿ ನನ್ನ ಸೊಂಟ ಹಿಡಿದಿದ್ದರೂ ಹೊಸಿಲಲ್ಲಿ ನೆಟ್ಟಗೆ ನಡೆಯುತ್ತಿದ್ದೆ. ಯಾಕೆಂದರೆ ಅವನ ಮೊದಲ ಮಾತೇ, "ನಿನ್ನ ನಡಾ ಆರಾಮ ಅದ ಇಲ್ಲ?"

ಜಿಲ್ಲಾ ತಂಡದ ಆಯ್ಕೆಯ ದಿನ ಅವನು ಮನೆಯಲ್ಲೇ ಇದ್ದ. ಸಂಜೆ ತಾನೇ ಚಾಪೆ ಹಾಸಿದ. ಅಂದು ಅವನ ಕಾಲು ಎತ್ತುವಾಗ ನಾನು ಮುಖ ಆಚೆ ತಿರುಗಿಸಿಕೊಂಡಿದ್ದೆ.

ಮುಂದಿನ ಹಂಗಾಮಿಗೆ ಮೇಡಂ ಹ್ಞೂಂ ಅಂದರು. ಕಡಿಮೆ ಓವರ್, ನಡುವೆ ಬಿಡುವು ಎಂಬ ಷರತ್ತಿನ ಮೇಲೆ. ಮೊದಲ ಪಂದ್ಯ ಜೇವರ್ಗಿಯಲ್ಲಿ. ಬೇವಿನ ಮರದ ಕೆಳಗೆ ನಾನು ಕೂತಿದ್ದೆ. ಮೊದಲ ಓವರ್ ಮುಗಿಸಿದವನು ಕ್ಯಾಪ್ಟನ್ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿ ತನ್ನ ಸೊಂಟ ಮುಟ್ಟಿ ಹುಬ್ಬೇರಿಸಿದ. ನೋವು ಅವನಿಗೆ ಬಂತೇ ಎಂದು ನಾನು ಉಸಿರು ಹಿಡಿದು ಕೂತಿದ್ದರೆ, ಅವನು ನನ್ನನ್ನು ಕೇಳುತ್ತಿದ್ದ! ಎದ್ದು ನಿಂತು ಎರಡೂ ಕೈ ಅಲ್ಲಾಡಿಸಿದೆ: ಇಲ್ಲೋ, ಏನೂ ಇಲ್ಲ. ಅವನು ನಕ್ಕು ಬೌಂಡರಿ ಕಡೆ ಓಡಿದ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಮ್ಮ ಸ್ನಾನಕ್ಕೆ ಹೋದದ್ದು ನೋಡಿ ಒಲೆಯ ಪಕ್ಕ ಕೂತೆ.

"ಅವ್ವಾ, ನೋವು ಪಾಯಾಳು ನಡಕ್ಕ ಹೋಗ್ತದ ಅಂತ ನಿನಗ ಯಾರು ಹೇಳಿದ್ರು?"

"ಹಿರ್ಯಾರು ಹೇಳ್ತಿದ್ರು."

"ಯಾವ ಹಿರ್ಯಾರಬೇ? ಅಷ್ಟು ವಯಸ್ಸಾದ ನಮ್ಮ ಆಯಿಗೂ ಗೊತ್ತಿಲ್ಲ, ಕೇಳೇನಿ."

ಅವ್ವ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. ತುಟಿಯ ತುದಿಯಲ್ಲಿ ಒಂದು ನಗು ಬಂದು ಹೋಯಿತು. ಆ ನಗು ಕಂಡ ಮೇಲೆ, ಚಿಕ್ಕಂದಿನಿಂದ ಒಮ್ಮೆಯೂ ಅನುಮಾನಿಸದ ಒಂದೇ ಒಂದು ವಿಷಯ ನನ್ನ ತಲೆಯೊಳಗೆ ಅಲುಗಾಡಿತು.

"ಅವ್ವಾ, ಖರೇ ಹೇಳು. ನಾ ಕಾಲ ಮುಂದಾಗೇ ಹುಟ್ಟೇನೇನು?"