ಫ್ಯಾಕ್ಟರಿ ಬಸ್ಸೂ ಹಣ್ಣಾದ ಹುಳುವೂ

ಹೋದ ತಿಂಗಳು ಒಂದು ಸಂಜೆ ನಮ್ಮ ಪಕ್ಕದ ಮನೆ ಪುಟ್ಟಸ್ವಾಮಿ ನಡುಬೀದಿಯಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ.

"ಹುಳ ಹಣ್ಣಾಗವೆ, ಬನ್ರಪ್ಪೋ!"

ಒಬ್ಬರೂ ಬರಲಿಲ್ಲ. ಒಂದು ನಾಯಿ ಎದ್ದು ನೋಡಿ ಮತ್ತೆ ಮಲಗಿತು.

ರೇಷ್ಮೆ ಸಾಕದ ಊರಿನ ಓದುಗರಿಗೆ ಇದರ ಸಂಕಟ ಗೊತ್ತಾಗಲಿಕ್ಕಿಲ್ಲ. ಹೇಳುತ್ತೇನೆ. ವಾರಗಟ್ಟಲೆ ಸೊಪ್ಪು ಮೇಯ್ದ ಹುಳು ಒಂದು ದಿನ ತಿನ್ನುವುದನ್ನೇ ನಿಲ್ಲಿಸುತ್ತದೆ. ಮೈ ಹಳದಿಯಾಗುತ್ತದೆ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದೇ ಹಣ್ಣಾಗುವುದು. ಆಗ ಒಂದೊಂದನ್ನೇ ಕೈಯಲ್ಲಿ ಆಯ್ದು ಚಂದ್ರಂಕಿಗೆ (ಬಿದಿರಿನ ದೊಡ್ಡ ತಟ್ಟಿ, ಗೂಡು ಕಟ್ಟಲೆಂದೇ ಹೆಣೆದದ್ದು) ಬಿಡಬೇಕು. ತಡವಾಯಿತೋ, ಹುಳು ಕಸದ ಮೇಲೇ ನೂಲು ಬಿಟ್ಟು ಬೆಳೆ ಹಾಳು. ಹುಳುವಿಗೆ ಭಾನುವಾರ ಗೊತ್ತಿಲ್ಲ, ಶಿಫ್ಟು ಗೊತ್ತಿಲ್ಲ.

ಅದಕ್ಕೇ ನಮ್ಮ ಕಡೆ ಒಂದು ರೂಢಿ. ಹುಳು ಹಣ್ಣಾಯಿತೆಂದು ಯಾರೇ ಕೂಗಲಿ, ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಹೋಗಬೇಕು. ಬದುವಿನ ಜಗಳ ಇದ್ದವರೂ ಹೋಗಬೇಕು. ಮಾತಾಡದೆ ಹುಳು ಆಯ್ದು, ಮಾತಾಡದೆ ಉಂಡು ಬಂದು, ಮಾರನೇ ದಿನ ಜಗಳ ಮುಂದುವರಿಸಬಹುದು.

ಆದರೆ ಬರಲು ಊರಲ್ಲಿ ಯಾರಿದ್ದಾರೆ? ಮೈಸೂರು ರಸ್ತೆಯ ಉದ್ದಕ್ಕೂ ಫ್ಯಾಕ್ಟರಿಗಳು ಎದ್ದಿವೆ. ಬೆಳಗಾದರೆ ಬಸ್ಸು ಬಂದು ಊರಿನ ಕೈಗಳನ್ನೆಲ್ಲ ತುಂಬಿಕೊಂಡು ಹೋಗುತ್ತದೆ. ಪುಟ್ಟಸ್ವಾಮಿ ಹೋದ ಕಾಲದ ಊರನ್ನು ಕೂಗುತ್ತಿದ್ದ.

(ನಾನು ಹೋದೆ. ಆದರೆ ನನ್ನ ಕಣ್ಣಿಗೆ ಎಲ್ಲ ಹುಳುವೂ ಒಂದೇ ಬಣ್ಣ. "ಅಕ್ಕ, ನೀನ್ ಸುಮ್ನೆ ಕೂತ್ಕೊ, ಅದೇ ದೊಡ್ ಉಪ್ಕಾರ" ಅಂದ.)

ಈಗ ಸ್ವಲ್ಪ ಲವ್ ಸ್ಟೋರಿಗೆ ಬರೋಣ. ಅದಕ್ಕೇ ತಾನೆ ನೀವು ನನ್ನ ಅಂಕಣ ಓದುವುದು?

ಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. 'ಅಜ್ಜಿ, ಓದಿದ್ದು ನಾಲ್ಕನೇ ಕ್ಲಾಸು. ಇಷ್ಟೊಂದು ಪ್ರೇಮ ಕಾದಂಬರಿ ಬರೆಯುತ್ತೀರಲ್ಲ, ಸ್ಫೂರ್ತಿ ಎಲ್ಲಿಂದ?' ಸ್ಫೂರ್ತಿ ಗೀರ್ತಿ ನನಗೆ ಗೊತ್ತಿಲ್ಲ. ನಮ್ಮ ಮನೆ ಜಗಲಿ ಬಸ್‌ಸ್ಟಾಪಿನ ಎದುರಿಗಿದೆ. ಅಷ್ಟೇ.

ನನ್ನ ಸಂಪಾದಕರಿಗೆ ಇದು ಸಾಲದು. "ಅಮ್ಮಾ, ಈ ಸಲ ಕತೆ ಬೆಂಗಳೂರಲ್ಲಿ ನಡೆಯಲಿ. ಕಾಫಿ ಶಾಪು, ಮಾಲು, ಲಿಫ್ಟು ಹಾಕಿ" ಅಂದರು. ಆಗಲಿ ಅಂತ ಬೆಂಗಳೂರಿಗೆ ಹೋಗಿ ಒಂದು ಕಾಫಿ ಶಾಪಲ್ಲಿ ಕೂತು ನೋಡಿದೆ. ಒಂದು ಹುಡುಗಿ, ಒಂದು ಹುಡುಗ ಕೈ ಕೈ ಹಿಡಿದು ಕೂತಿದ್ದರು. ಯಾರೂ ಅವರನ್ನು ನೋಡಲಿಲ್ಲ. ಯಾರೂ ಮನೆಗೆ ಸುದ್ದಿ ಮುಟ್ಟಿಸಲಿಲ್ಲ. ಕಾಫಿ ಕುಡಿದು ಎದ್ದು ಹೋದರು.

ಇದರಲ್ಲಿ ಕತೆ ಎಲ್ಲಿದೆ? ಅಡ್ಡಿಯಿಲ್ಲದ ಪ್ರೀತಿ ಎರಡು ಪುಟ ದಾಟುವುದಿಲ್ಲ. ನಮ್ಮ ಚನ್ನಪಟ್ಟಣ, ಮಾಗಡಿ, ಕನಕಪುರದ ಕಡೆ ಒಬ್ಬ ಹುಡುಗ ಒಂದು ಹುಡುಗಿಗೆ ಟೈಮೆಷ್ಟು ಅಂತ ಕೇಳಿದರೆ ಸಾಕು, ಸಂಜೆಯೊಳಗೆ ಅವಳ ಸೋದರಮಾವನಿಗೆ ಫೋನು ಹೋಗಿರುತ್ತದೆ. ಇಂಥ ಕಡೆ ಪ್ರೀತಿ ಮಾಡಲು ಗುಂಡಿಗೆ ಬೇಕು. ಗುಂಡಿಗೆ ಇದ್ದವರದ್ದೇ ಕತೆ.

ಪುಟ್ಟಸ್ವಾಮಿಯ ಮಗಳು ಭಾಗ್ಯಳದ್ದು ಹಾಗೇ ಶುರುವಾಯಿತು. ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬಸ್ಸಿನ ಡ್ರೈವರು ಪಕ್ಕದ ಊರಿನ ಲೋಕೇಶ. ಬೇರೆ ಹುಡುಗಿಯರು ತಡ ಮಾಡಿದರೆ ಹಾರ್ನ್ ಬಾರಿಸಿ ಹೊರಟೇಬಿಡುತ್ತಿದ್ದ. ಭಾಗ್ಯ ತಡ ಮಾಡಿದ ದಿನ ಮಾತ್ರ ಇಂಜಿನ್ನಿಗೆ ಏನೋ ಕಾಯಿಲೆ. ಇಳಿದು ಬಾನೆಟ್ ಎತ್ತಿ, ಒಳಗೆ ಏನೂ ಕಾಣದಿದ್ದರೂ ಕಾಣುವ ಹಾಗೆ ಬಗ್ಗಿರುತ್ತಿದ್ದ. ಅವಳು ಹತ್ತಿದ ಕೂಡಲೇ ಕಾಯಿಲೆ ವಾಸಿ.

ನಾನು ಇದನ್ನು ಜಗಲಿಯಿಂದ ನೋಡಿದೆ. ಹೆಸರು ಬದಲಾಯಿಸಿ ಪೇಪರಿನ ನನ್ನ ಧಾರಾವಾಹಿಗೆ ಹಾಕಿದೆ. ಚೆನ್ನಾಗೇ ಓಡುತ್ತಿತ್ತು.

ಪುಟ್ಟಸ್ವಾಮಿಗೆ ಗೊತ್ತಾಯಿತು. (ನನ್ನಿಂದಲ್ಲ. ಅವನು ಪೇಪರಿನಲ್ಲಿ ಹವಾಮಾನ ಬಿಟ್ಟು ಬೇರೇನೂ ಓದುವುದಿಲ್ಲ.) ಮಗಳ ಕೆಲಸ ಬಿಡಿಸಿದ. ಲೋಕೇಶನನ್ನು ಬಸ್‌ಸ್ಟಾಪಿನಲ್ಲೇ ನಿಲ್ಲಿಸಿ ಹೇಳಿದ: "ನಮ್ ಹೊಸ್ಲು ತುಳಿದ್ಯೋ ಕಾಲ್ ಮುರೀತೀನಿ." ಹುಡುಗ ನಮ್ಮವರ ಪೈಕಿಯೇ. ತಕರಾರು ಅದಲ್ಲ. "ಫ್ಯಾಕ್ಟರಿ ಇವತ್ತೈತೆ, ನಾಳೀಕ್ ಬಾಗ್ಲು ಹಾಕ್ತದೆ. ಭೂಮಿ ಇಲ್ದೋನಿಗೆ, ಸ್ಟೇರಿಂಗ್ ತಿರುಗ್ಸೋನಿಗೆ ಹೆಣ್ ಕೊಡಾದಾ?" ಸೋಲೂರಿನ ಕಡೆ ಒಂದು ಸಂಬಂಧ ನೋಡಿದ. ತೆಂಗಿನ ತೋಟ, ಹಸು, ಎಲ್ಲ ಇದೆ. ಈ ಬೆಳೆಯ ಗೂಡು ಚಂದ್ರಂಕಿಯಿಂದ ಬಿಡಿಸಿದ ಕೂಡಲೇ ಹೋಗಿ ಮಾತು ಕೊಡುವುದೆಂದು ತೀರ್ಮಾನ.

ಭಾಗ್ಯ ಮಾತು ಬಿಟ್ಟಳು. ಸೊಪ್ಪು ಹಾಕುವಳು, ಕಸ ತೆಗೆಯುವಳು, ಮಲಗುವಳು. ಬಸ್ಸಿನ ಇಂಜಿನ್ ಪೂರ್ತಿ ಗುಣವಾಗಿ, ಒಂದು ನಿಮಿಷವೂ ನಿಲ್ಲದೆ ಹೋಗತೊಡಗಿತು. ನನ್ನ ಧಾರಾವಾಹಿಯೂ ಅಲ್ಲಿಗೇ ನಿಂತಿತು.

ಇಷ್ಟು ತಿಳಿದ ಮೇಲೆ ಮತ್ತೆ ಆ ಸಂಜೆಗೆ ಬನ್ನಿ. ತಟ್ಟೆ ತಟ್ಟೆಯಲ್ಲಿ ಹುಳು ತಲೆ ಎತ್ತಿ ಆಡುತ್ತಿವೆ. ಆಯುವುದಕ್ಕೆ ಗಂಡ, ಹೆಂಡತಿ, ಮಗಳು. ಸಾಲದ್ದಕ್ಕೆ ಚಂದ್ರಂಕಿಯೂ ಕಮ್ಮಿ. ಬಾಡಿಗೆ ಚಂದ್ರಂಕಿ ತಂದುಕೊಡುತ್ತಿದ್ದ ಗಾಡಿಯವನು ಎತ್ತು ಮಾರಿ ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯೂರಿಟಿ ಆಗಿದ್ದಾನೆ.

ಅಷ್ಟರಲ್ಲಿ ರಸ್ತೆಯಲ್ಲಿ ಫ್ಯಾಕ್ಟರಿ ಬಸ್ಸಿನ ಸದ್ದು. ನಾನು ಎದ್ದು ಹೋಗಿ ಅಡ್ಡ ನಿಂತೆ.

ಬ್ರೇಕು ಕಿರುಚಿತು. ಲೋಕೇಶ ಕಿಟಕಿಯಿಂದ ತಲೆ ಹಾಕಿದ.

"ಏನಜ್ಜಿ, ಸಾಯಾಕೆ ನಮ್ ಬಸ್ಸೇ ಬೇಕಿತ್ತಾ?"

"ಸಾಯೋಷ್ಟು ಸ್ಪೀಡು ನಿನ್ ಬಸ್ಸಿಗೆಲ್ಲೈತ್ಲಾ? ಪುಟ್ಟಸ್ವಾಮಿ ಮನೇಲಿ ಹುಳ ಹಣ್ಣಾಗವೆ. ಆಯಕ್ಕೆ ಕೈ ಇಲ್ಲ."

ಅವನ ಮುಖ ಸಪ್ಪಗಾಯಿತು. "ನಾನಲ್ಲಿಗೆ ಕಾಲಿಕ್ಕಂಗಿಲ್ಲ. ನಿಮ್ಗೇ ಗೊತ್ತಲ್ಲ."

"ನಿನ್ನ ಕರ್ದೋರ್ ಯಾರು? ನಾ ಕರೀತಿರಾದು ಹಿಂದ್ಗಡೆ ಕೂತಿರೋ ಹೆಣ್‌ಮಕ್ಳನ್ನ."

ಬಸ್ಸೊಳಗೆ ಗುಸುಗುಸು. ದಿನವಿಡೀ ಮಿಷಿನ್ ತುಳಿದು ಬಂದ ಹುಡುಗಿಯರು. ಮುಂದಿನ ಊರುಗಳವರೂ ಇದ್ದರು. "ಅಯ್ಯೋ, ಮನೇಲಿ ಬೈತಾರೆ" ಅಂತ ಒಬ್ಬಳು. "ನಮ್ಮನೆ ಹುಳ ಹಣ್ಣಾದಾಗ ನಿಮ್ಮವ್ವ ಬಂದಿರ್ಲಿಲ್ವೇನೇ? ಏಳೇ ಮ್ಯಾಕೆ!" ಅಂತ ಇನ್ನೊಬ್ಬಳು. ಅಷ್ಟೇ. ಬಸ್ಸು ಖಾಲಿಯಾಯಿತು.

ಈಗ ಇನ್ನೊಂದು ಪೇಚು. ಹುಳುವಿಗೆ ಸೆಂಟು, ಪೌಡರು, ಹೊಗೆಸೊಪ್ಪು, ಯಾವ ಘಾಟೂ ಆಗದು. ಈ ಹುಡುಗಿಯರೋ ಘಮಘಮ. ನಾನು ನಲ್ಲಿ ಹತ್ತಿರ ಪೊಲೀಸಿನವಳ ಹಾಗೆ ನಿಂತೆ. ಮುಖ ತೊಳಿ, ಕೈ ತೊಳಿ, ಹೂವು ತೆಗಿ. ಬಸ್ಸಿನ ಕಿಟಕಿ ಕಂಬಿಗೆಲ್ಲ ಮಲ್ಲಿಗೆ ನೇತಾಡಿತು.

ಆಮೇಲೆ ಆ ಬೆರಳುಗಳನ್ನು ನೋಡಬೇಕಿತ್ತು ನೀವು! ಎಲ್ಲರೂ ರೇಷ್ಮೆ ಮನೆಯಲ್ಲಿ ಹುಟ್ಟಿದವರೇ. ಕಾಲರ್ ಹೊಲಿಯುವ ಕೈಗೆ ಹುಳು ಆಯುವುದು ಮರೆತಿರಲಿಲ್ಲ. ಸೂಪರ್‌ವೈಸರನ್ನು ಅಣಕಿಸುತ್ತಾ, ನಗುತ್ತಾ ತಟ್ಟೆ ಮೇಲೆ ತಟ್ಟೆ ಖಾಲಿ ಮಾಡಿದರು. ಭಾಗ್ಯ ಕೂಡ ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು. "ನಿಧಾನ ಕಣ್ರೇ, ಹಿಸುಕ್‌ಬುಟ್ಟೀರಾ" ಅಂದಳು.

ಆದರೆ ಇದ್ದ ಚಂದ್ರಂಕಿಗಳು ತುಂಬಿಹೋದವು. ಪುಟ್ಟಸ್ವಾಮಿ ಗೋಡೆಗೊರಗಿ ಕೂತುಬಿಟ್ಟ.

ಹೊರಗೆ ಬಸ್ಸು ಸ್ಟಾರ್ಟ್ ಆದ ಸದ್ದು. ಹುಡುಗಿಯರು ಗಾಬರಿಯಾದರು, "ನಮ್ಮನ್ ಬುಟ್ಟು ಹೊಂಟೋದ್ನಾ?" ಅಂತ. ನನಗೂ ಅನುಮಾನ ಬಂತು. ಇಷ್ಟಕ್ಕೇ ಕೋಪ ಮಾಡಿಕೊಂಡನೇ ಇವನು?

ಸ್ವಲ್ಪ ಹೊತ್ತಿಗೆ ಬಸ್ಸು ವಾಪಸ್ಸು ಬಂತು. ಟಾಪಿನ ಮೇಲೆ ಹಗ್ಗ ಬಿಗಿದ ಚಂದ್ರಂಕಿ. ಒಳಗೆ ಸೀಟಿನ ನಡುವೆಯೂ ಚಂದ್ರಂಕಿ. ತನ್ನ ಊರಿನ ಮನೆಮನೆಗೆ ಹೋಗಿ ಕೇಳಿ ತಂದಿದ್ದ. ಒಂದೊಂದೇ ಇಳಿಸಿ ಬಾಗಿಲಿಗೆ ಒರಗಿಸಿದ. ಹೊಸ್ತಿಲು ಮಾತ್ರ ದಾಟಲಿಲ್ಲ. ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಕೂತ.

ಪುಟ್ಟಸ್ವಾಮಿ ಹೊರಗೆ ಬಂದ. ಚಂದ್ರಂಕಿ ನೋಡಿದ. ಬಸ್ಸು ನೋಡಿದ. ಒಳಗೆ ಭಾಗ್ಯಳ ಕೈಯಲ್ಲಿದ್ದ ಹುಳು ಕೈಯಲ್ಲೇ ಇತ್ತು.

"ಹೊಗೆಸೊಪ್ಪು ಹಾಕಿಯೇನ್ಲಾ?"

"ಇಲ್ಲ."

"ಬೀಡಿ ಗೀಡಿ?"

"ಯಾವ್ದೂ ಇಲ್ಲ."

"ಮತ್ಯಾಕ್ಲಾ ಅಲ್ ಕೂತಿದ್ದೀಯ? ಕೈ ಕಾಲ್ ತೊಳ್ಕಂಡ್ ಒಳಿಕ್ ಬಾ. ಮ್ಯಾಲಿನ್ ಸಾಲ್ಗೆ ಚಂದ್ರಂಕಿ ಎತ್ತಿಕ್ಕಕ್ಕೆ ನಂಗ್ ಎಟುಕಲ್ಲ."

ಹುಳು ಮನೆಯೊಳಕ್ಕೆ ನಮ್ಮವರು ಬೀಗರನ್ನೂ ಸುಲಭಕ್ಕೆ ಬಿಡುವುದಿಲ್ಲ. ಗೊತ್ತಿರಲಿ.

ಎಲ್ಲ ಮುಗಿದಾಗ ಹುಡುಗಿಯರಿಗೆ ಮುದ್ದೆ, ಸೊಪ್ಪಿನ ಸಾರು. ಲೋಕೇಶ ಅವರನ್ನೆಲ್ಲ ಅವರವರ ಮನೆ ಬಾಗಿಲಿಗೇ ಬಿಟ್ಟ. (ಮಾರನೇ ದಿನ ಫ್ಯಾಕ್ಟರಿಯಲ್ಲಿ ಬಸ್ಸಿನ ಮೇಲೆ ಗೀರು ಯಾಕೆ ಬಿತ್ತು ಅಂತ ಕೇಳಿದರಂತೆ. 'ರೋಡಲ್ಲಿ ಬಿದಿರು ಮೆಳೆ ತಾಗ್ತು ಸಾರ್' ಅಂದನಂತೆ. ಮೈಸೂರು ರಸ್ತೆಯಲ್ಲಿ ಬಿದಿರು ಮೆಳೆ!)

ಫ್ಯಾಕ್ಟರಿ ಬಂದ ಮೇಲೆ ಊರು ಹೋಯಿತು, ಊರಿನ ಜೊತೆ ನನ್ನ ಕತೆಗಳೂ ಹೋದವು ಅಂತ ನಾನೂ ಹೆದರಿದ್ದೆ. ಸದ್ಯ, ಹಾಗೇನೂ ಆಗಿಲ್ಲ. ಊರು ಬೆಳಗ್ಗೆ ಬಸ್ ಹತ್ತಿ ಹೋಗುತ್ತದೆ, ಸಂಜೆ ವಾಪಸ್ಸು ಬರುತ್ತದೆ. ಅಡ್ಡ ನಿಂತು ಕರೆಯಬೇಕು, ಅಷ್ಟೇ.

ಗೂಡು ಬಿಡಿಸಿದ ಮೇಲೆ ಪುಟ್ಟಸ್ವಾಮಿ ಹೇಳಿದಂತೆಯೇ ಸೋಲೂರಿಗೆ ಹೋದ. ಬಂದವನು ಸೀದಾ ನನ್ನ ಜಗಲಿಗೆ ಬಂದು ಕೂತ.

"ಹೇಳ್ಬುಟ್ ಬಂದೆ ಕಣಕ್ಕ."

"ಏನಂತ?"

"ನಮ್ ಹುಡ್ಗೀಗೆ ಬ್ಯಾರೆ ಕಡೆ ಗೊತ್ತಾಗೈತೆ, ಮನ್ಸಿಗ್ ಹಾಕ್ಕೋಬ್ಯಾಡಿ ಅಂತ."

ನಾನು ಎಲೆ ಅಡಿಕೆ ತಟ್ಟೆ ಮುಂದಕ್ಕೆ ತಳ್ಳಿದೆ. ಏನಾದರೂ ಅಂದರೆ ಮತ್ತೆ ಬದಲಾಯಿಸಿಬಿಟ್ಟರೆ? ಅವನೇ ಕೇಳಿದ. "ನಮ್ದೇ ಕತೆ ಬರೀತಿದ್ದೀಯಂತಲ್ಲ? ಭಾಗ್ಯ ಹೇಳ್ತು. ಅಪ್ಪ ಬೋ ಒಳ್ಳೇವ್ನು ಅಂತ ಬರಿ."

"ಅದು ಕಾದಂಬರಿ ಕಣ್ಲಾ ಪುಟ್ಟಸ್ವಾಮಿ. ಅಷ್ಟೊಂದು ಸುಳ್ಳು ಹೇಳಕಾಗಲ್ಲ."

ಅವನೂ ನಕ್ಕ. ನನಗೆ ಆ ರಾತ್ರಿ ಒಳ್ಳೆ ನಿದ್ದೆ ಬಂತು.

ನಿಂತಿದ್ದ ಧಾರಾವಾಹಿಗೆ ನಾನು ಬರೆದು ಕಳಿಸಿದ ಕೊನೆಯ ಕಂತು ಓದಿ ಸಂಪಾದಕರು ಮಾತ್ರ ಫೋನ್ ಮಾಡಿದ್ದರು. ಬಸ್ಸಿನ ತುಂಬ ಹುಡುಗಿಯರು ಇಳಿದು ಹುಳು ಆಯ್ದರು ಅನ್ನುವುದು ತೀರಾ ಫಿಲ್ಮಿ ಆಯಿತಂತೆ. ಅವರಿಗೆ ಭಾಗ್ಯ, ಲೋಕೇಶರ ಮದುವೆಗೆ ಬಂದು ನೋಡಿ ಅಂದೆ. ಊರಿನಲ್ಲಿ ಈಗ ಉಳಿದಿರುವ ಚಿಂತೆ ಒಂದೇ: ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ಬೇಕಾಗಿರುವುದು ಅದೇ ಬಸ್ಸು, ಮದುವೆಯ ದಿನ ಅದನ್ನು ಓಡಿಸುವವರು ಯಾರು?