ದೇವರಿಗೆ ಬಹುವಚನ

ಗಾಂಧಿ ಬಜಾರಿನಲ್ಲಿ ನಾನು ಹೂವು ಕೊಳ್ಳುವ ಹೆಂಗಸು ನನಗೆ ‘ನೀವು’ ಎನ್ನುತ್ತಾಳೆ, ಪಕ್ಕದಲ್ಲಿ ಸೊಪ್ಪು ಹರಡಿಕೊಂಡು ಕೂತ ತನ್ನ ತಮ್ಮನಿಗೆ ‘ನೀನು’ ಎನ್ನುತ್ತಾಳೆ, ಮತ್ತು ಬೆಳಗಿನ ಮೊದಲ ಮೊಳ ಅಳೆಯುವ ಮುನ್ನ, ಗೋಡೆಗೆ ಒರಗಿಸಿಟ್ಟ ದೇವರ ಪಟದ ಕಡೆ ತಿರುಗಿ, “ಏನಪ್ಪಾ, ಇವತ್ತಾದ್ರೂ ಕಣ್ಬಿಡ್ತೀಯೋ ಇಲ್ವೋ?” ಎಂದು ಗದರುತ್ತಾಳೆ. ಅರ್ಧ ಮೊಳ ಮಲ್ಲಿಗೆಗೆ ಚೌಕಾಸಿ ಮಾಡುವ ನಿವೃತ್ತನಿಗೆ ಬಹುವಚನ, ಲೋಕವನ್ನೇ ನಡೆಸುವವನಿಗೆ ಏಕವಚನ. ಈ ಏರ್ಪಾಡಿನಲ್ಲಿ ವಿಚಿತ್ರವಾದದ್ದೇನೂ ಯಾರಿಗೂ ಕಾಣುವುದಿಲ್ಲ; ನನಗೂ ಕಂಡಿರಲಿಲ್ಲ. ಅದಿರಲಿ, ನೀವು ಗಮನಿಸಿರುತ್ತೀರಿ, ಆ ತಾಯಿಯ ಬಗ್ಗೆ ಬರೆಯುವಾಗ ನಾನೇ ಎರಡು ಸಲ ‘ಎನ್ನುತ್ತಾಳೆ’, ಒಂದು ಸಲ ‘ಗದರುತ್ತಾಳೆ’ ಎಂದಿದ್ದೇನೆ. ತಿದ್ದುಪಡಿ: ಎನ್ನುತ್ತಾರೆ, ಗದರುತ್ತಾರೆ.

ತಿದ್ದುವುದು ನನ್ನ ಕಸುಬಾಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಕನ್ನಡ ದಿನಪತ್ರಿಕೆಯ ಸುದ್ದಿಮೇಜಿನಲ್ಲಿ ಕೂತು ಬೇರೆಯವರ ವಾಕ್ಯಗಳ ಕೈಕಾಲು ಕತ್ತರಿಸಿ, ಉಳಿದದ್ದನ್ನು ಸುದ್ದಿ ಎಂದು ಕಳಿಸಿದವನು ನಾನು. ಆ ಮೇಜಿನ ನಿತ್ಯದ ತಲೆನೋವು ವಚನ. ಸಚಿವರು ‘ಹೇಳಿದರು’, ಸರಗಳ್ಳ ‘ಪರಾರಿಯಾದ’. ಇಬ್ಬರೂ ಬೇರೆ ಬೇರೆ ವ್ಯಕ್ತಿಗಳಾಗಿರುವವರೆಗೆ ತೊಂದರೆಯಿಲ್ಲ. ಒಮ್ಮೆ ಜನಪ್ರತಿನಿಧಿಯೊಬ್ಬರ ಬಂಧನವಾಯಿತು. ‘ಬಂಧಿತರಾದರು’ ಎಂದು ಬರೆದರೆ ಶಾಲು ಹೊದಿಸಿ ಕರೆದೊಯ್ದಂತೆ ಕೇಳಿಸುತ್ತದೆ. ‘ಬಂಧಿತನಾದ’ ಎಂದರೆ ನಾಳೆ ಜಾಮೀನಿನ ಮೇಲೆ ಹೊರಬಂದವರು ನೇರವಾಗಿ ನಮ್ಮ ಕಚೇರಿಗೇ ಬರುತ್ತಾರೆ. ಅರ್ಧ ಗಂಟೆ ಚರ್ಚಿಸಿ ನಾವು ‘ಬಂಧಿಸಲಾಯಿತು’ ಎಂದು ಮುಗಿಸಿದೆವು. ಕರ್ಮಣಿ ಪ್ರಯೋಗದಷ್ಟು ಸುರಕ್ಷಿತವಾದ ತಾಣ ಕನ್ನಡದಲ್ಲಿ ಇನ್ನೊಂದಿಲ್ಲ. ಅಲ್ಲಿ ಗೌರವವಿಲ್ಲ, ಅಗೌರವವಿಲ್ಲ, ಅನೇಕ ಸಲ ಮನುಷ್ಯನೇ ಇಲ್ಲ.

ವಚನದಿಂದ ಗೌರವವನ್ನು ಅಳೆಯಲಾಗದು ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ನನ್ನ ಹೆಂಡತಿ ಸುಗುಣ ಮದುವೆಯಾದ ದಿನದಿಂದ ಇವತ್ತಿನವರೆಗೆ ನನಗೆ ‘ನೀವು’ ಎಂದೇ ಅನ್ನುತ್ತಾಳೆ. ಆ ನೀವಿನೊಳಗೆ ಎಷ್ಟು ಬಗೆಯ ಏಕವಚನಗಳನ್ನು ಅಡಗಿಸಿಡಬಹುದು ಎಂಬುದನ್ನು ತಿಳಿಯಬೇಕಾದವರು ನಾನು ತರಕಾರಿ ತಂದ ದಿನ ನಮ್ಮ ಮನೆಗೆ ಬರಬೇಕು.

ನಿವೃತ್ತನಾದ ಮೇಲೆ ನಾನು ಮನೆಯ ಹಾಲಿನ ಚೀಟಿಯನ್ನೂ ತಿದ್ದತೊಡಗಿದ್ದರಿಂದ, ಚಾಮರಾಜಪೇಟೆಯ ನಮ್ಮ ಕನ್ನಡ ಚರ್ಚಿನ ಸಂಡೇ ಸ್ಕೂಲಿಗೆ ನನ್ನನ್ನು ಸೇರಿಸಿದವಳು ಸುಗುಣಳೇ. ಐದರಿಂದ ಏಳು ವರ್ಷದ ಹನ್ನೊಂದು ಮಕ್ಕಳು ನನ್ನ ಪಾಲಿಗೆ ಬಂದರು. ಕಲಿಸಬೇಕಾದದ್ದು ಮೂರು: ಮಾತು, ನಡತೆ, ನಂಬಿಕೆ. ನಾನು ಪತ್ರಿಕೆಯ ಪುಟಗಳನ್ನು ಹಂಚುವ ಹಾಗೆ ಗಂಟೆಯನ್ನು ಮೂರು ಪಾಲು ಮಾಡಿ, ಮೊದಲ ಇಪ್ಪತ್ತು ನಿಮಿಷ ಸ್ಪಷ್ಟವಾಗಿ ಮಾತಾಡುವುದಕ್ಕೆ, ನಡುವಿನದು ಸತ್ಯ, ವಿನಯ, ಹಂಚಿ ತಿನ್ನುವುದು ಇತ್ಯಾದಿಗೆ, ಕೊನೆಯದು ಯೇಸುವಿನ ಕಥೆಗೆ ಮತ್ತು ಪ್ರಾರ್ಥನೆಗೆ ಎಂದು ಗೆರೆ ಎಳೆದಿಟ್ಟೆ. ಮಕ್ಕಳು ಗೆರೆಯನ್ನು ಮೊದಲ ದಿನವೇ ಅಳಿಸಿಹಾಕಿದರು. ಹಂಚಿ ತಿನ್ನುವ ಪಾಠದ ನಡುವೆ ಸ್ಯಾಮುಯೆಲ್ ಎಂಬ ಏಳು ವರ್ಷದ ಮಹಾಶಯ ಪಕ್ಕದ ಹುಡುಗಿಯ ಚಕ್ಕುಲಿ ಮುರಿದುಕೊಂಡು, “ನಾನೇ ಹಂಚ್ಕೊಂಡೆ ಅಂಕಲ್” ಎಂದ.

ಈ ಗದ್ದಲದಲ್ಲಿ ಒಂದೇ ಒಂದು ಮಗು ಮಾತಾಡುತ್ತಿರಲಿಲ್ಲ. ಅವಳ ಹೆಸರು ಕೃಪಾ, ಆರು ವರ್ಷ. ಮನೆಯಲ್ಲಿ ಗಿಣಿಯ ಹಾಗೆ ಮಾತಾಡುವ ಮಗು ಹೊಸಿಲು ದಾಟಿದರೆ ಬಾಯಿ ಬಿಡುತ್ತಿರಲಿಲ್ಲ. ಅವಳನ್ನು ಚರ್ಚಿಗೆ ಕರೆತರುತ್ತಿದ್ದವರು ಅಜ್ಜಿ ರಾಜಮ್ಮನವರು; ನಿವೃತ್ತ ಮುಖ್ಯೋಪಾಧ್ಯಾಯಿನಿ, ನೆಟ್ಟಗೆ ನಿಂತರೆ ಎದುರಿಗಿದ್ದವರೂ ನೆಟ್ಟಗಾಗುವಂಥವರು. ಮೊದಲ ವಾರವೇ ಅವರು ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಹೇಳಿದ್ದರು: “ಸ್ಕೂಲಲ್ಲಿ ಬಾತ್‌ರೂಮಿಗೆ ಹೋಗ್ಬೇಕು ಅಂತಾನೂ ಮಿಸ್‌ಗೆ ಹೇಳಲ್ಲ ಸರ್ ಇವ್ಳು. ಹಂಗೇ ಕೂತಿದ್ದು ಮನೆಗ್ ಬಂದು ಅಳ್ತಾಳೆ. ಹೊರಗಡೆ ಒಬ್ರ ಹತ್ರ, ಒಂದೇ ಒಂದು ಮಾತಾಡಿದ್ರೂ ಸಾಕು ನಂಗೆ.” ನಾನು ಆಯಿತು ಎಂದೆ. ಎಂಟು ತಿಂಗಳು ಕಳೆದರೂ ಕೃಪಾ ನನಗೆ ತಲೆಯಾಡಿಸುವುದರಲ್ಲೇ ಉತ್ತರ ಕೊಡುತ್ತಿದ್ದಳು. ಹೌದಿಗೆ ಒಂದು ಥರ, ಇಲ್ಲಕ್ಕೆ ಒಂದು ಥರ, ‘ನಿಮಗೆ ಅರ್ಥವಾಗುವುದಿಲ್ಲ ಬಿಡಿ’ ಎಂಬುದಕ್ಕೆ ಮೂರನೆಯದೊಂದು ಥರ.

ವರ್ಷಕ್ಕೊಮ್ಮೆ ನಮ್ಮಲ್ಲಿ ಮಕ್ಕಳ ಭಾನುವಾರ ಬರುತ್ತದೆ. ಅಂದು ಆರಾಧನೆಯನ್ನು ಮಕ್ಕಳೇ ನಡೆಸುತ್ತಾರೆ. ಒಂದು ಮಗು ಇಡೀ ಸಭೆಯ ಮುಂದೆ ನಿಂತು, ಬಾಯಿಪಾಠ ಮಾಡದೆ, ತನ್ನದೇ ಮಾತಿನಲ್ಲಿ ಪ್ರಾರ್ಥಿಸಬೇಕು. ಅದಕ್ಕೆ ಮೂರು ವಾರವಿದ್ದಾಗ, “ಯಾರು ಪ್ರಾರ್ಥನೆ ಮಾಡ್ತೀರಾ?” ಎಂದು ತರಗತಿಯಲ್ಲಿ ಕೇಳಿದೆ. ಕೃಪಾಳ ಕೈ ಮೇಲಕ್ಕೆ ಹೋಯಿತು. ನಾನು ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ. ಅವಳು ಎದ್ದುನಿಂತು, ಕೈ ಜೋಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಎಂಟು ತಿಂಗಳಲ್ಲಿ ನಾನು ಕೇಳಿದ ಅವಳ ಮೊಟ್ಟಮೊದಲ ವಾಕ್ಯವನ್ನು ಹೇಳಿದಳು.

“ಯೇಸಪ್ಪಾ, ನೀವು ಊಟ ಮಾಡಿದ್ರಾ?”

ಆ ಕ್ಷಣ ನಾನು ಕುಣಿಯಬೇಕಿತ್ತು, ಇಲ್ಲವೇ ಸುಮ್ಮನಿರಬೇಕಿತ್ತು. ಮೂವತ್ತು ವರ್ಷದ ಕೈ ಎರಡನ್ನೂ ಮಾಡಗೊಡಲಿಲ್ಲ. “ತುಂಬಾ ಚೆನ್ನಾಗಿದೆ ಪುಟ್ಟಿ,” ಎಂದೆ, “ಆದ್ರೆ ಪ್ರಾರ್ಥನೇಲಿ ದೇವರಿಗೆ ‘ನೀನು’ ಅಂತೀವಿ. ಆಮೇಲೆ, ಊಟದ ವಿಷಯ ಅಲ್ಲಿ ಬರಲ್ಲ.” ನಾಲ್ಕೇ ಪದದ ಪ್ರಾರ್ಥನೆಯಲ್ಲಿ ನಾನು ಉಳಿಸಿದ್ದು ‘ಯೇಸಪ್ಪಾ’ ಒಂದನ್ನು. ಕೃಪಾ ಕಣ್ಣು ತೆರೆದು ನನ್ನನ್ನು ನೋಡಿದಳು, ಕೂತಳು, ತುಟಿ ಮುಚ್ಚಿಕೊಂಡಳು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ರಾಜಮ್ಮನವರು ನೇರವಾಗಿ ನನ್ನ ಮುಂದೆ ಬಂದು ನಿಂತರು. “ಏನ್ ಹೇಳಿದ್ರಿ ಸರ್ ನಮ್ಮ ಮಗೂಗೆ? ಮನೇಲಿ ರಾತ್ರಿ ಪ್ರಾರ್ಥನೇನೂ ಬಿಟ್ಬಿಟ್ಟಿದಾಳೆ. ಯಾಕಮ್ಮಾ ಅಂದ್ರೆ, ‘ದೊಡ್ಡೋರಿಗೆ ನೀನು ಅಂದ್ರೆ ಅಜ್ಜಿ ನೀವು ಬೈತೀರ, ನೀವು ಅಂದ್ರೆ ಅಂಕಲ್ ಬೈತಾರೆ, ನಾನು ಮಾತೇ ಆಡಲ್ಲ’ ಅಂತಾಳೆ.” ಆಟೋದವರಿಗೆ, ಕಸ ಒಯ್ಯುವವರಿಗೆ, ತನಗಿಂತ ಒಂದು ದಿನ ದೊಡ್ಡವರಾದ ಎಲ್ಲರಿಗೂ ‘ನೀವು’ ಎನ್ನಬೇಕೆಂದು ಅವಳಿಗೆ ಕಲಿಸಿದವರು ಈ ಅಜ್ಜಿಯೇ. ಮಗು ಆ ಪಾಠವನ್ನು ಎಷ್ಟು ಮನಸ್ಸಿಟ್ಟು ಕಲಿತಿತ್ತೆಂದರೆ ಹೊಸಿಲೊಳಗೆ ನಿಂತೇ ಅವರ ಬೀದಿಯ ಮುದಿನಾಯಿಗೂ ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಿತ್ತಂತೆ. ಅವಳ ಬಾಯಿ ಬಿಡಿಸಬೇಕಾದ ನಾನು, ಅವಳು ಮನೆಯೊಳಗೆ ಆಡುತ್ತಿದ್ದ ಮಾತಿನಲ್ಲೂ ಒಂದನ್ನು ನಿಲ್ಲಿಸಿಬಿಟ್ಟಿದ್ದೆ. ಅದೂ ದೇವರ ಜೊತೆ ಆಡುತ್ತಿದ್ದುದನ್ನು.

ಮನೆಗೆ ಬಂದು ವೃತ್ತಿಯ ಹಳೆಯ ಔಷಧಿಯನ್ನೇ ಪ್ರಯೋಗಿಸಿದೆ. ‘ನೀನು’ವೂ ಬೇಡ, ‘ನೀವು’ವೂ ಬೇಡ ಎಂದು ಕರ್ಮಣಿಯಲ್ಲಿ ಒಂದು ಪ್ರಾರ್ಥನೆ ಬರೆದೆ: ಎಲ್ಲರೂ ಕಾಪಾಡಲ್ಪಡಲಿ, ತಪ್ಪುಗಳು ಕ್ಷಮಿಸಲ್ಪಡಲಿ, ಅಜ್ಜಿಯ ಆರೋಗ್ಯವು ಸುಧಾರಿಸಲ್ಪಡಲಿ. ಸುಗುಣ ಹಾಳೆಯನ್ನು ಕೈಗೆ ತೆಗೆದುಕೊಂಡು ಒಮ್ಮೆ ಓದಿದಳು.

“ಆರು ವರ್ಷದ ನಾಲಿಗೆಗೆ ‘ಲ್ಪಡಲಿ’ನಾ? ಇದೇನ್ರೀ, ಪ್ರಾರ್ಥನೆನೋ ಟೆಂಡರ್ ನೋಟೀಸೋ?”

“ಮತ್ತೇನ್ ಮಾಡ್ಲಿ?”

“ಅದು ಏನ್ ತಪ್ಪು ಕೇಳ್ತು ಅಂತ ತಿದ್ದಿದ್ರಿ? ನಮ್ಮನೆಗ್ ಯಾರಾದ್ರೂ ಬಂದ್ರೆ ನೀವ್ ಮೊದ್ಲು ಕೇಳೋದೇನು?”

ಊಟ ಆಯ್ತಾ ಎಂದು. ನಮ್ಮ ಕಡೆ ಹೊಸಿಲಲ್ಲಿ ಕೇಳುವ ಮೊದಲ ಮಾತು ಅದು. ನಮ್ಮಲ್ಲಿ ಹೆಚ್ಚಿನವರು ಉತ್ತರಕ್ಕೆ ಕಾಯದೆ ಒಳಗೆ ನಡೆಯುತ್ತೇವೆ ಎಂಬುದು ಬೇರೆ ವಿಷಯ. ಪ್ರಾರ್ಥನೆಯಲ್ಲಿ ನಾವು ದೇವರಿಗೆ ‘ನೀನು’ ಎನ್ನುವುದು ಸಲಿಗೆಯಿಂದ, ಅವನು ಹತ್ತಿರದವನು ಎಂಬ ನಂಬಿಕೆಯಿಂದ. ಅದರಲ್ಲಿ ತಪ್ಪಿಲ್ಲ, ನಾನು ಇಂದಿಗೂ ಹಾಗೆಯೇ ಪ್ರಾರ್ಥಿಸುತ್ತೇನೆ. ಆದರೆ ಈ ಮಗುವಿನ ಹತ್ತಿರದವರೆಲ್ಲ ‘ನೀವು’ಗಳೇ. ಅವಳ ಅಜ್ಜಿ ನೀವು, ಅಪ್ಪ ನೀವು, ಮುದಿನಾಯಿಯೂ ನೀವು. ನಾನು ಮೂರು ಪಾಲು ಮಾಡಿ ಇಪ್ಪತ್ತಿಪ್ಪತ್ತು ನಿಮಿಷ ಕಲಿಸುತ್ತಿದ್ದದ್ದನ್ನೆಲ್ಲ ಅವಳು ಒಂದು ವಾಕ್ಯದಲ್ಲಿ ಒಪ್ಪಿಸಿದ್ದಳು: ಬೇಡುವ ಮೊದಲು ಎದುರಿಗಿರುವವರ ಕ್ಷೇಮ ಕೇಳಿದ್ದಳು, ಮರ್ಯಾದೆಯಿಂದ ಕೇಳಿದ್ದಳು, ಎದುರಿಗೆ ಒಬ್ಬರಿದ್ದಾರೆ ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲದೆ ಕೇಳಿದ್ದಳು. ಇಷ್ಟು ವರ್ಷದಲ್ಲಿ ನನ್ನ ಯಾವ ಪ್ರಾರ್ಥನೆಯೂ ಆ ಮೂರನ್ನು ಒಟ್ಟಿಗೆ ಮಾಡಿದ ನೆನಪು ನನಗಿಲ್ಲ.

ಪತ್ರಿಕೆಗಳು ತಪ್ಪೊಪ್ಪಿಕೊಳ್ಳುವ ಪದ್ಧತಿ ನಿಮಗೆ ಗೊತ್ತು. ತಪ್ಪು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬಂದಿರುತ್ತದೆ. ವಿಷಾದ ಮಾತ್ರ ಒಳಪುಟದ ಮೂಲೆಯಲ್ಲಿ, ಸಿನಿಮಾ ಜಾಹೀರಾತಿನ ಕೆಳಗೆ, ಕನ್ನಡಕ ಹಾಕಿದವರಿಗೂ ಕಾಣದಂಥ ಅಕ್ಷರದಲ್ಲಿ. ಆ ವಿಷಾದಗಳನ್ನು ಬರೆದವನು ನಾನೇ ಆದ್ದರಿಂದ ಈ ಸಲ ಮುಖಪುಟದಲ್ಲೇ ಹಾಕಬೇಕೆಂದು ನಿಶ್ಚಯಿಸಿದೆ. ಮರುವಾರ ಹನ್ನೊಂದು ಮಕ್ಕಳ ಮುಂದೆ ನಿಂತು, “ಅವತ್ತು ಕೃಪಾ ಸರಿಯಾಗೇ ಹೇಳಿದ್ಲು. ತಪ್ಪು ಮಾಡಿದ್ದು ನಾನು. ಕ್ಷಮಿಸಮ್ಮ ಕೃಪಾ,” ಎಂದೆ.

ದೊಡ್ಡವರು ತಪ್ಪೊಪ್ಪಿಕೊಳ್ಳುವುದನ್ನು ಆ ಮಕ್ಕಳು ಕಥೆಯಲ್ಲಿ ಕೇಳಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಕೃಪಾ ನೆಲ ನೋಡುತ್ತಿದ್ದಳು. ಮೊದಲು ಚೇತರಿಸಿಕೊಂಡವನು ಸ್ಯಾಮುಯೆಲ್.

“ತಪ್ಪು ಮಾಡಿದ್ರೆ ಬೆಂಚ್ ಮೇಲೆ ನಿಂತ್ಕೋಬೇಕು ಅಂಕಲ್!”

“ಹೌದು ಅಂಕಲ್! ನಿಂತ್ಕೊಳ್ಳಿ ಅಂಕಲ್!” ಎಂದು ಉಳಿದವರೂ ಕೂಗಿದರು.

ನ್ಯಾಯ ನ್ಯಾಯವೇ. ಅರವತ್ತೇಳರ ಮಂಡಿಗಳನ್ನು ಒಂದೊಂದಾಗಿ ಮಡಚಿ, ಕಿಟಕಿಯ ಸರಳು ಹಿಡಿದು, ಮಕ್ಕಳ ಆ ಪುಟ್ಟ ಬೆಂಚನ್ನು ನಾನು ಏರಿದೆ. ಬೆಂಚು ಒಂದು ಕಡೆಗೆ ವಾಲಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಕೆಳಗಿನಿಂದ, ನನ್ನ ಪ್ಯಾಂಟಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು, ಒಂದು ಸಣ್ಣ ಸ್ವರ ಹೇಳಿತು:

“ಇಳೀರಿ ಅಂಕಲ್, ಬಿದ್ದೋಗ್ತೀರ.”

ನಾನು ಇಳಿದೆ. ಆ ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಮಕ್ಕಳ ಭಾನುವಾರ ಬಂತು; ಪ್ರಾರ್ಥನೆ ಕೃಪಾಳದೇ ಎಂದಾಗಿತ್ತು. ಆರಾಧನೆಗೆ ಮುನ್ನ ನಮ್ಮ ಸಭಾಪಾಲಕರಾದ ಅಯ್ಯನವರು, “ಮಗು ಏನ್ ಹೇಳುತ್ತೆ ಅಂತ ಒಂದ್ಸಲ ಬರ್ಕೊಡ್ತೀರಾ?” ಎಂದು ಕೇಳಿದರು. ಬರೆದದ್ದಿಲ್ಲ, ನನಗೂ ಗೊತ್ತಿಲ್ಲ ಎಂದೆ. ಪ್ರತಿ ನೋಡದೆ ಅಚ್ಚಿಗೆ ಕಳಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಚರ್ಚು ತುಂಬಿತ್ತು. ರಾಜಮ್ಮನವರು ಮುಂದಿನ ಸಾಲಿನಲ್ಲಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು. ಕೃಪಾ ಬಿಳಿ ಫ್ರಾಕಿನಲ್ಲಿ ನಡೆದುಹೋಗಿ ಮೈಕಿನ ಮುಂದೆ ನಿಂತಳು. ಅಯ್ಯನವರು ಮೈಕನ್ನು ಅವಳ ಎತ್ತರಕ್ಕೆ ಇಳಿಸಿದರು. ಕೈ ಜೋಡಿಸಿದಳು. ಕಣ್ಣು ಮುಚ್ಚಿದಳು.

“ಯೇಸಪ್ಪಾ, ನೀವು ಊಟ ಮಾಡಿದ್ರಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೃಪಾ ಮುಂದೆ ಮಾತಾಡಲಿಲ್ಲ. ಐದು ಸೆಕೆಂಡು, ಹತ್ತು ಸೆಕೆಂಡು. ತುಟಿಗಳು ಮುಚ್ಚಿದ್ದವು, ಎಂಟು ತಿಂಗಳು ನಾನು ನೋಡಿದ್ದ ಹಾಗೆಯೇ. ರಾಜಮ್ಮನವರ ಬೆರಳು ಸೆರಗಿನಲ್ಲೇ ನಿಂತಿತು. ಮಗುವಿನ ಮಾತು ಮತ್ತೆ ಹೋಯಿತು, ಈ ಸಲ ಇನ್ನೂರು ಜನರ ಮುಂದೆ ಹೋಯಿತು ಎಂದುಕೊಂಡೆ. ಅಯ್ಯನವರು ಬಾಗಿ, “ಮುಂದೆ ಹೇಳಮ್ಮಾ, ಹೆದರ್ಕೋಬೇಡ,” ಎಂದು ಪಿಸುಗುಟ್ಟಿದರು.

ಅವಳು ಕಣ್ಣು ತೆರೆಯಲಿಲ್ಲ. ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಸ್ವಲ್ಪ ಇರಿ ಅಯ್ಯನವ್ರೇ, ಅವ್ರು ಹೇಳ್ತಿದಾರೆ.”

ಅಯ್ಯನವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಕಿಸಕ್ಕೆಂದವರು ಸುಮ್ಮನಾದರು. ಅಷ್ಟು ಜನ ಸೇರಿ ಅಷ್ಟು ಹೊತ್ತು, ಒಬ್ಬರ ಉತ್ತರಕ್ಕಾಗಿ ಕಾದದ್ದನ್ನು ನಾನು ಯಾವ ಪತ್ರಿಕಾಗೋಷ್ಠಿಯಲ್ಲೂ ಕಂಡಿಲ್ಲ, ಯಾವ ಆರಾಧನೆಯಲ್ಲೂ ಕಂಡಿಲ್ಲ. ಕೃಪಾ ಒಮ್ಮೆ ತಲೆಯಾಡಿಸಿದಳು. ನನಗೆ ಪರಿಚಯವಿಲ್ಲದ ನಾಲ್ಕನೆಯ ಥರದ ತಲೆಯಾಡಿಸುವಿಕೆ ಅದು. ಆಮೇಲೆ ನಲ್ಲಿ ಬಿಟ್ಟ ಹಾಗೆ ಮಾತು ಬಂತು.

“ನಾವೂ ತಿಂಡಿ ತಿಂದ್ವಿ. ಉಪ್ಪಿಟ್ಟು ಸ್ವಲ್ಪ ಖಾರ ಇತ್ತು, ಪರವಾಗಿಲ್ಲ. ನಮ್ಮಜ್ಜಿ ಕಾಲ್ನೋವು ವಾಸಿ ಮಾಡಿ. ಸ್ಯಾಮುಯೆಲ್ ಒಳ್ಳೆ ಹುಡ್ಗ ಆಗ್ಲಿ, ನನ್ ಪೆನ್ಸಿಲ್ ವಾಪಸ್ ಕೊಡ್ಲಿ. ಸ್ಕೂಲಲ್ಲಿ ನಮ್ ಮಿಸ್ ಹತ್ರ ನಾನು ನಾಳೆ ಮಾತಾಡ್ತೀನಿ, ನೀವು ಜೊತೇಲಿರಿ. ನೀವೂ ಹುಷಾರಾಗಿರಿ. ಆಮೆನ್.”

ಇನ್ನೂರು ಜನರ ‘ಆಮೆನ್’ಗೆ ಕಿಟಕಿಯ ಪಾರಿವಾಳಗಳು ಹಾರಿಹೋದವು. ರಾಜಮ್ಮನವರು ಜೀವನವಿಡೀ ಮಕ್ಕಳಿಗೆ ಬೇಡವೆಂದು ಹೇಳಿದ್ದನ್ನೆಲ್ಲ ಅಂದು ಮಾಡಿದರು: ಆರಾಧನೆಯ ನಡುವೆ ಎದ್ದರು, ಓಡಿದರು, ಗಟ್ಟಿಯಾಗಿ ಅತ್ತರು.

ಎಲ್ಲ ಮುಗಿದ ಮೇಲೆ ಮೆಟ್ಟಿಲ ಬಳಿ ಕೃಪಾ ಕೇಕ್ ತಿನ್ನುತ್ತ ಸಿಕ್ಕಳು. ಪತ್ರಿಕೆಯವನ ಚಪಲ ಸಾಯುವುದಿಲ್ಲ, ಬಾಗಿ ಕೇಳಿದೆ, “ಏನು ಹೇಳಿದ್ರಮ್ಮಾ ಅವ್ರು?”

“ಊಟ ಆಯ್ತಂತೆ,” ಎಂದಳು, ಬಾಯಲ್ಲಿ ಕೇಕ್ ಇಟ್ಟುಕೊಂಡೇ.

‘ಅಂತೆ’ ಎಂದು ಮುಗಿಯುವ ವಾಕ್ಯವನ್ನು ಸುದ್ದಿಮೇಜಿನಲ್ಲಿ ಕೂತಷ್ಟು ಕಾಲವೂ ನಾನು ಒಂದೇ ಒಂದು ಸಲ ಅಚ್ಚಿಗೆ ಬಿಟ್ಟವನಲ್ಲ. ಹೇಳಿದವರು ಯಾರು, ಅವರು ಸ್ವತಃ ಕೇಳಿದ್ದಾರೆಯೇ ಎಂದು ಪ್ರಶ್ನೆ ಹಾಕಿ ಹಿಂದಕ್ಕೆ ಕಳಿಸುತ್ತಿದ್ದೆ. ಇದರಲ್ಲಿ ಎರಡಕ್ಕೂ ಉತ್ತರವಿತ್ತು. ಹಾಗೆಯೇ ಬಿಟ್ಟಿದ್ದೇನೆ.