ಮಸ್ಕಿಗಾದರೆ ಎರಡು ಒತ್ತಿ

ಮುಂಜಾನೆಯಿಂದ ಯಶೋಧರಾ ಎರಡನ್ನೇ ನೋಡುತ್ತಿದ್ದಳು: ಸಿಂಧನೂರಿನ ಮೇಲೆ ಕವಿಯುತ್ತಿದ್ದ ಮೋಡ, ಮೇಜಿನ ಮೇಲಿನ ಕಂಪ್ಯೂಟರ್ ಪರದೆಯಲ್ಲಿನ ಕರೆಗಳ ಪಟ್ಟಿ. ಭತ್ತ ಹಣ್ಣಾಗಿ ನಿಂತ ಕಾಲ. ಮಳೆ ಬಿದ್ದರೆ ಕಟಾವು ಮಷೀನ್ ಗದ್ದೆಗಿಳಿಯದು. ಇಂಥ ದಿನ ಕರಿಬಸಪ್ಪ ಸಾವಕಾರರ ಬಾಡಿಗೆ ಮಷೀನುಗಳಿಗೆ ಬಿಡುವೇ ಇರುತ್ತಿರಲಿಲ್ಲ. ಈಗ ಅವು ಮಸ್ಕಿಯಲ್ಲೂ ಲಿಂಗಸುಗೂರಿನಲ್ಲೂ ನಿಂತಲ್ಲೇ ನಿಂತಿದ್ದವು. ಅದಕ್ಕೆ ಕಾರಣ ಅವಳೇ ಎಂದು ಕಚೇರಿಯೆಲ್ಲ ನಂಬಿತ್ತು, ಅವಳೂ ನಂಬತೊಡಗಿದ್ದಳು.

ಕಳೆದ ಸುಗ್ಗಿಯಲ್ಲಿ ಮಸ್ಕಿಯ ಗುಮಾಸ್ತ ಶಿವರಾಜ ಕೆಲಸ ಬಿಟ್ಟು ಸ್ವಂತ ಮಷೀನ್ ತಂದಾಗ ಗಿರಾಕಿಗಳೂ ಅವನ ಹಿಂದೆ ಹೋಗಿದ್ದರು. ಅವರ ಬಳಿ ಇದ್ದದ್ದು ಅವನ ಮೊಬೈಲ್ ನಂಬರ್ ಮಾತ್ರ. ಆಗ ಬಿಲ್ಲು ಬರೆಯುತ್ತಿದ್ದ ಯಶೋಧರಾ ಒಂದು ಯೋಜನೆ ಮುಂದಿಟ್ಟಳು: ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಶಾಖೆಗೆ ಕಂಪನಿಯದೇ ಒಂದು ನಂಬರ್. ಕರೆಂಟು ಹೋದರೂ ನಡೆಯಲೆಂದು ಲಿಂಗಸುಗೂರಿನಲ್ಲಿ ಬ್ಯಾಟರಿ ಇಡಿಸಿದಳು. ಸಿಗ್ನಲ್ ನಿಲ್ಲದ ಮಸ್ಕಿಗೆ ತಂತಿ ಎಳೆಸಿದಳು. ನಂಬರ್ ಹಳ್ಳಿಹಳ್ಳಿಗೆ ಮುಟ್ಟಿತು. ಕರೆ ಬಂದೊಡನೆ ಫೋನು ತಾನೇ ಎತ್ತಿಕೊಂಡು ಅವಳದೇ ದನಿಯಲ್ಲಿ ಹೇಳುತ್ತಿತ್ತು: “ಸಿಂಧನೂರಿಗಾದರೆ ಒಂದು ಒತ್ತಿ, ಮಸ್ಕಿಗಾದರೆ ಎರಡು ಒತ್ತಿ…”

ಯಾರೂ ಒತ್ತುತ್ತಿರಲಿಲ್ಲ.

“ಮಷೀನ್ ಮ್ಯಾಲ ಗುಬ್ಬಿ ಗೂಡು ಕಟ್ಟಾಕತ್ತಾವು ನೋಡವ್ವಾ,” ಎಂದರು ಸಾವಕಾರರು ಬಾಗಿಲಲ್ಲೇ ನಿಂತು.

“ಕಾಲ್ ಬರಾಕತ್ತಾವ್ರಿ ಸಾವಕಾರ್ರ. ಎತ್ತಿದ ಕೂಡಲೆ ಕಟ್ ಆಗಾಕತ್ತಾವು.”

“ನಿನ್ನ ದನಿಗೆ ಹೆದರ್ಯಾರೇನು? ಸಂಜಿತನಕ ತಡೀತೀನಿ. ಆಮ್ಯಾಲ ಹಳೇ ಪದ್ಧತಿ. ನೀನೂ ನಿನ್ನ ಬಿಲ್ಲಿಗೆ ಹೋಗು.”

ಫೋನು ಕೂಡಿಸಿದವನನ್ನು ಕೇಳಿದರೆ ಟವರಿನ ದೋಷ ಎಂದ. ತನ್ನ ಮೊಬೈಲಿನಿಂದ ಮಾಡಿ ನೋಡಿದಳು. ದನಿ ಗಂಟೆ ಬಾರಿಸಿದಂತೆ ಸ್ವಚ್ಛವಾಗಿತ್ತು. ಅಷ್ಟರಲ್ಲಿ ಮಸ್ಕಿ ಶಾಖೆಯ ಮಕ್ತುಮ್‌ಸಾಬ್ ಫೋನ್ ಮಾಡಿದ: “ಮೇಡಮ್ರೀ, ಡ್ರೈವರ್‌ಗೋಳು ಇಸ್ಪೀಟಿಗೆ ಕುಂತಾರ. ಇಲ್ಲಿ ಆಗಲೇ ಗುಡುಗಾಕತ್ತೈತಿ.”

ಅವನ ಮಾತು ಮುಗಿದು ಮೊಬೈಲ್ ಕೈಯಲ್ಲಿದ್ದಾಗಲೇ ಸಂತೆಕಲ್ಲೂರಿನಿಂದ ಅವ್ವ ಅಮರಮ್ಮನ ಕರೆ. ಮೊದಲ ರಿಂಗಿಗೇ ಎತ್ತಿದಳು. ಆ ಕಡೆ ಕಟ್. ಗಾಬರಿಯಾಗಿ ತಿರುಗಿ ಮಾಡಿದಳು.

“ಎತ್ತಿದ್ರೂ ಯಾಕ ಕಟ್ ಮಾಡ್ದಿ ಬೇ?”

“ನೀ ಯಾಕ ಎತ್ತಿದಿ? ನಾ ಹೊಡದದ್ದು ಮಿಸ್‌ಕಾಲ್.”

“ಈಗ ಮಾತಾಡಿದ್ರ ರೊಕ್ಕ ಹೋಗಂಗಿಲ್ಲವ್ವಾ.”

“ರೊಕ್ಕದ ಮಾತಲ್ಲ. ನೀ ಕೆಲಸದಾಗ ಇರ್ತಿ, ಪುರಸೊತ್ತಾದಾಗ ನೀನ ಮಾಡ್ತಿ ಅಂತ ಒಂದ್ಸಲ ಬಡದು ಇಡೋದು. ಎಲ್ಲಾರೂ ಹಂಗ ಮಾಡ್ತಾರ.”

ಯಶೋಧರಾ ಪರದೆಯತ್ತ ತಿರುಗಿದಳು. ಅಲ್ಲಿದ್ದವೆಲ್ಲ ಕಡಿದುಹೋದ ಕರೆಗಳಲ್ಲ; ಉತ್ತರಕ್ಕಾಗಿ ಕಾದಿದ್ದ ಕರೆಗಳು. ತಂತಿ, ಬ್ಯಾಟರಿ, ಸಿಗ್ನಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದವಳು ದಿನಾ ತನ್ನವ್ವ ಮಾಡುವುದನ್ನೇ ಮರೆತಿದ್ದಳು.

ತನ್ನ ದನಿಯನ್ನು ಅಳಿಸಿದಳು. ಇನ್ನು ಫೋನು ಎತ್ತಕೂಡದು. ರಿಂಗಾಗಲು ಬಿಟ್ಟು, ಕರೆದವರ ನಂಬರನ್ನು ಶಾಖೆಗೆ ದಾಟಿಸಿದರೆ ಸಾಕು; ಶಾಖೆಯವರೇ ತಿರುಗಿ ಮಾಡುತ್ತಾರೆ. ಬಂದಿದ್ದ ನಂಬರುಗಳನ್ನು ಮಕ್ತುಮ್‌ಸಾಬನಿಗೂ ಲಿಂಗಸುಗೂರಿನ ಸುಕನ್ಯಾಳಿಗೂ ಹಂಚಿದಳು: “ಯಾವೂರು ಅಂತ ಕೇಳ್ರಿ, ಹತ್ತರದ ಮಷೀನ್ ಕಳಸ್ರಿ.” ಉಳಿದವಕ್ಕೆ ತಾನೇ ಕರೆ ಮಾಡಿದಳು.

“ಯಾರೋ ಹೆಣ್ಮಗಳು ಎತ್ತಿದ್ಲು. ಬ್ಯಾರೆ ಯಾರ್ದೋ ಮನಿಗೆ ಹತ್ತೈತಂತ ಇಟ್ಟುಬಿಟ್ಟೆ,” ಎಂದ ಮೊದಲನೆಯವ. “ಲಗೂನ ಕಳಸ್ರಿ, ಹನಿ ಬೀಳೋದ್ರೊಳಗ.”

ಎರಡನೆಯವ ನಕ್ಕ. “ತಡಾ ಮಾಡಿದ್ರಿ. ಶಿವರಾಜಗ ಮಿಸ್‌ಕಾಲ್ ಹೊಡದೆ, ಅವ ತಿರುಗಿ ಮಾಡಿದ. ಅವನ ಮಷೀನ್ ಹೊಲಕ್ಕ ಇಳದೈತಿ.”

ಯಶೋಧರಾ ಮುಂದಿನ ನಂಬರ್ ಒತ್ತಿದಳು. ಹೊತ್ತು ಇಳಿಯುವ ಮುನ್ನ ಮಸ್ಕಿಯ ಮಷೀನುಗಳು ಹೊರಬಿದ್ದವು. ಲಿಂಗಸುಗೂರಿನಲ್ಲಿ ಒಂದು ಮಾತ್ರ ಉಳಿಯಿತು.

ಸಂಜೆ ಸಾವಕಾರರು ಬಂದರು. ತಮ್ಮ ಮೊಬೈಲಿನಿಂದ ಕಂಪನಿಯ ನಂಬರಿಗೆ ಒಂದು ರಿಂಗು ಕೊಟ್ಟು ಇಟ್ಟರು. ಮೊಬೈಲ್ ಸುಮ್ಮನಿತ್ತು. ಹೊರಗೆ ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು. ಆಮೇಲೆ ಅವರ ಮೊಬೈಲ್ ಗುಣುಗುಟ್ಟಿತು. ಎತ್ತಿದರು.

“ಹೇಳ್ರಿ, ಯಾವೂರು? ಎಷ್ಟು ಎಕರೆ?” ಮಕ್ತುಮ್‌ಸಾಬನ ದನಿ ಅವಸರದಲ್ಲಿತ್ತು.

“ಲೇ, ನಾ ಕರಿಬಸಪ್ಪ.”

“ಆಮ್ಯಾಲ ಮಾತಾಡ್ತೀನ್ರಿ ಸಾವಕಾರ್ರ, ಬ್ಯಾರೆ ನಂಬರ್ ಕಾಯಾಕತ್ತಾವು,” ಎಂದು ಅವ ಇಟ್ಟೇಬಿಟ್ಟ.

ಸಾವಕಾರರು ಮೊಬೈಲನ್ನು ಜೇಬಿಗಿಳಿಸಿ ಬಾಗಿಲವರೆಗೆ ಹೋಗಿ ನಿಂತರು.

“ಬಿಲ್ಲು ಬರಿಯಾಕ ಬ್ಯಾರೆ ಯಾರರ ಇದ್ರ ನೋಡವ್ವಾ.”